ಎಂಆರ್‌ಐನಲ್ಲಿ ಕಂಡ ಎರಡನೇ ಮಂಡಿ

ನಾನು ಊಟದ ಪಾರ್ಸಲ್ ತಲುಪಿಸುವ ಕೆಲಸದವನು. ಸುಂಕದಕಟ್ಟೆಯಲ್ಲಿ ಬೈಕ್ ಜಾರಿ ಬಿದ್ದ ಮೇಲೆ ಬಲ ಮಂಡಿ ಊದಿಕೊಂಡೇ ಇತ್ತು. ನೋವಿನಲ್ಲೇ ಗಾಡಿ ಓಡಿಸಿ ಸಾಕಾಗಿ, ಒಂದು ಮಧ್ಯಾಹ್ನ ಬಸವೇಶ್ವರನಗರದಲ್ಲಿ ಎಂಆರ್‌ಐ ಮಾಡಿಸಲು ಹೋದೆ.

ಮಂಡಿಯ ಸ್ಕ್ಯಾನಿಗೆ ಕಾಲಿನ ಕಡೆಯಿಂದ ಯಂತ್ರದೊಳಗೆ ಬಿಡುತ್ತಾರೆ, ತಲೆ ಹೊರಗೇ ಇರುತ್ತದೆ. ಟೆಕ್ನಿಷಿಯನ್ ಸುಘೋಷ್ ಬಲಗಾಲನ್ನು ಬಿಗಿದು, ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ಗಾಜಿನ ಆಚೆ ಹೋದರು. ಯಂತ್ರ ಡಬಡಬ ಬಡಿಯತೊಡಗಿತು. ಆ ಸದ್ದಿನಲ್ಲೂ ನನಗೆ ಜೊಂಪು ಹತ್ತಿತು.

ಆಗ ಇನ್ನೊಂದು ಕಾಲು ತಾಗಿತು. ನನ್ನ ಎಡಗಾಲೇ ಇರಬೇಕು ಎಂದುಕೊಂಡೆ. ಆದರೆ ಅದು ಬಲಬದಿಯಲ್ಲಿತ್ತು. ನೀರಿನಲ್ಲಿ ನೆನೆದ ಹಾಗೆ ತಣ್ಣಗಿತ್ತು. 

“ಅಲ್ಲಾಡ್ಬೇಡಿ, ಇಮೇಜ್ ಡಬಲ್ ಬರ್ತಿದೆ,” ಎಂದು ಹೆಡ್‌ಫೋನಿನಲ್ಲಿ ಸುಘೋಷ್ ದನಿ ಬಂತು.

“ನಾ ಅಲುಗಾಡಿಲ್ರಿ. ಬಾಜೂಕ ಯಾರೋ ಮಲ್ಕೊಂಡಾರ.”

ಅವರು ಒಳಗೆ ಬಂದು ನೋಡಿದರು. ಯಾರೂ ಇರಲಿಲ್ಲ. ಮತ್ತೆ ಸ್ಕ್ಯಾನ್ ಶುರು ಮಾಡಿದರು. ಆ ಕಾಲು ಮತ್ತೆ ಬಂದು ಒರಗಿತು.

ಸಂಜೆ ಮೂಳೆ ಡಾಕ್ಟರ್ ರಾಗಿಣಿ ಚಿತ್ರ ತೋರಿಸಿದರು. “ಕಾರ್ಟಿಲೇಜ್ ಹರಿದಿದೆ ವಿಠ್ಠಲ, ಆಪರೇಷನ್ ಬೇಕಾಗುತ್ತೆ.”

ನನ್ನ ಮಂಡಿಯ ಬಲಬದಿಗೆ ಮಸುಕಾಗಿ ಇನ್ನೊಂದು ಮಂಡಿ ಕಾಣುತ್ತಿತ್ತು.

“ಅದೇನ್ರಿ ಮೇಡಂ?”

“ಕಾಲು ಅಲ್ಲಾಡಿದ್ರೆ ಅದೇ ಮಂಡಿ ಹೀಗೆ ಎರಡು ಸಲ ಬೀಳುತ್ತೆ,” ಎಂದವರು ಪರದೆಯತ್ತ ಬಾಗಿ ಚಿತ್ರವನ್ನು ದೊಡ್ಡದು ಮಾಡಿದರು.

ಆ ಎರಡನೇ ಮಂಡಿಯಲ್ಲಿ ಕಾರ್ಟಿಲೇಜ್ ಎಲ್ಲೂ ಹರಿದಿರಲಿಲ್ಲ.