ಬ್ಲಡ್ ಬ್ಯಾಂಕಿನ ಮೇಷ್ಟ್ರು

"ಸಿಸ್ಟರ್, ತಡೆಯಲಾರದ ಚಳಿ... ಸೊಂಟ ಸೆಳೀತಿದೆ," ಎಂದು ಅಜ್ಜಿ ಹಲ್ಲು ಕಟಕಟಿಸಿದಾಗ, ಅವರಿಗೆ ರಕ್ತ ಏರಿಸಲು ಶುರುಮಾಡಿ ಕಾಲುಗಂಟೆಯೂ ಆಗಿರಲಿಲ್ಲ.

ನರ್ಸು ತಡಮಾಡಲಿಲ್ಲ. ರಕ್ತ ನಿಲ್ಲಿಸಿದಳು, ಕೊಳವೆ ಬದಲಿಸಿ ಸಲೈನ್ ಹಚ್ಚಿದಳು, ವಾರ್ಡಿನ ಡಾಕ್ಟರನ್ನು ಕೂಗಿ ಕರೆದಳು. ಆಮೇಲೆ ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿದಳು.

"ಹೇಳಿ," ಎಂದಿತು ಆ ಕಡೆಯ ದನಿ.

ಅದೇ ದನಿ! ರಕ್ತ ಕೊಡುವಾಗ ಎಲ್ಲೆಲ್ಲಿ ಎಚ್ಚರ ಬೇಕೆಂದು ವಾರವಾರ ನರ್ಸುಗಳಿಗೆ ಆನ್‌ಲೈನಿನಲ್ಲಿ ಕಲಿಸುವ ಡಾಕ್ಟರು. ಹುಡುಗಿಯರ ಬಾಯಲ್ಲಿ 'ಮೇಷ್ಟ್ರು'. ಕ್ಲಾಸು ಮುಗಿದ ಮೇಲೂ ಇವಳು ಇಲ್ಲದ ಡೌಟು ಹುಟ್ಟಿಸಿಕೊಂಡು ಕೂರುತ್ತಿದ್ದಳು. ಅವನಿಗೂ ಲ್ಯಾಪ್‌ಟಾಪ್ ಮುಚ್ಚುವ ಆತುರವಿರುತ್ತಿರಲಿಲ್ಲ. ಬ್ಲಡ್ ಬ್ಯಾಂಕು ರಸ್ತೆಯಾಚೆಗೇ ಇದ್ದರೂ ಇಬ್ಬರೂ ಎದುರಾಬದುರು ಕಂಡವರಲ್ಲ.

"ಸರ್, ನಾನು..."

"ಗೊತ್ತಾಯ್ತು. ಅಜ್ಜಿ ಕೈಪಟ್ಟಿ ಮೇಲಿರೋ ಹೆಸರು, ನಂಬರು ಓದಿ. ಆಮೇಲೆ ರಕ್ತದ ಚೀಲದ ಮೇಲಿರೋದು."

ಓದಿದಳು. ಎಲ್ಲ ತಾಳೆಯಾಯಿತು.

"ನಿಮ್ಮ ಕಡೆ ತಪ್ಪಿಲ್ಲ." ಅವನ ದನಿ ಕುಗ್ಗಿತು. "ತಪ್ಪಿದ್ರೆ ನನ್ನದೇ. ಆ ರಕ್ತ ಅಜ್ಜಿಗೆ ಹೊಂದುತ್ತೆ ಅಂತ ನೋಡಿ ಕಳಿಸಿದ್ದು ನಾನು. ಚೀಲ, ಅಜ್ಜಿ ರಕ್ತದ ಸ್ಯಾಂಪಲ್, ಎರಡೂ ತಕ್ಷಣ ಕಳಿಸಿ."

ಕಳಿಸಿ, ಅಜ್ಜಿಯ ಪಕ್ಕ ನಿಂತಳು. ಇವರಿಗೇನೂ ಆಗದಿರಲಿ ಎಂದುಕೊಂಡಳು. ಅದರ ಬೆನ್ನಿಗೇ, ತಪ್ಪು ಅವನದಾಗದಿರಲಿ ಎಂದೂ ಅನ್ನಿಸಿ ತನ್ನ ಮೇಲೆ ತನಗೇ ಸಿಟ್ಟು ಬಂತು. ಅಜ್ಜಿಯ ಜ್ವರ ಅಳೆದಳು.

ಅಜ್ಜಿಯ ನಡುಕ ಇಳಿಯುತ್ತ ಬಂದ ಹೊತ್ತಿಗೆ ಬಾಗಿಲಲ್ಲಿ ಏದುಸಿರು ಕೇಳಿತು. ಮೇಷ್ಟ್ರು! ಪರದೆಯಲ್ಲಿ ಕಂಡಿದ್ದಕ್ಕಿಂತ ಕುಳ್ಳ. ಕಣ್ಣು ಮಾತ್ರ ಅವೇ.

"ರಕ್ತ ಸರಿಯಾಗೇ ಹೊಂದಿದೆ. ಬರೀ ಜ್ವರದ ರಿಯಾಕ್ಷನ್, ರಕ್ತ ಏರಿಸುವಾಗ ಕೆಲವರಿಗೆ ಬರುತ್ತೆ. ಇನ್ನು ಹೆದರಿಕೆಯಿಲ್ಲ."

ಅವಳು ಮಂಚದ ಸರಳು ಹಿಡಿದುಕೊಂಡಳು. "ಫೋನಲ್ಲೇ ಹೇಳಬಹುದಿತ್ತಲ್ಲ?"

"ವಾರ್ಡಿನ ಡಾಕ್ಟರಿಗೆ ಹೇಳಿ ಆಯ್ತು. ನಿಮಗೆ ಮುಖ ನೋಡಿ ಹೇಳಬೇಕು ಅನ್ನಿಸ್ತು." ನೆಲ ನೋಡುತ್ತಿದ್ದವನು ತಲೆಯೆತ್ತಿದ. "ಮುಂದಿನ ವಾರ ಕ್ಲಾಸು ಮುಗಿಯುತ್ತೆ. ನಿಮ್ಮ ಜೊತೆ ಮಾತಾಡದೆ ಇರೋಕೆ ನನ್ನಿಂದ ಆಗಲ್ಲ ಕಣ್ರೀ."

ಅವಳ ಕಿವಿ ಕೆಂಪಾಯಿತು. "ಡ್ಯೂಟಿ ಮುಗಿದ ಮೇಲೆ ಗೇಟಿನ ಹತ್ತಿರ ಇರ್ತೀನಿ," ಎಂದಳು. "ಬೇಗ ಬನ್ನಿ. ಕಾಯೋಕೆ ನನಗೂ ಆಗಲ್ಲ."

ಅವನು ಹೋದ ಮೇಲೆ ನಾಡಿ ನೋಡಲು ಅಜ್ಜಿಯ ಮಣಿಕಟ್ಟಿಗೆ ಬೆರಳಿಟ್ಟಳು. ಅಜ್ಜಿ ಒಂದೇ ಕಣ್ಣು ತೆರೆದರು.

"ನಂದು ಆಮೇಲೆ ನೋಡು ಮಗಳೇ. ಮೊದಲು ನಿಂದು ಎಣಿಸ್ಕೋ."