ಆ ಹುಡುಗಿ ಒಪ್ಪಲಿ, ಕರ್ತನೇ

"ಹೆದರಬೇಡಿ... ಒಳಗೆ ಎಷ್ಟು ಜನ ಇದ್ದೀರಿ?"

"ನಾನೊಬ್ಬಳೇ. ಬೇಗ ತೆಗೀರಿ. ಮನೇಲಿ ಅಮ್ಮ ಒಬ್ಬರೇ ಇದ್ದಾರೆ, ಎದ್ದು ಕೂರೋಕೂ ಆಗಲ್ಲ ಅವರಿಗೆ."

ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟಿನಲ್ಲಿ ಅವಳು ಬಟ್ಟೆಗಂಟು ಅವುಚಿಕೊಂಡು ನಿಂತಿದ್ದಳು. ಮೇಲಿನ ಸಂದಿಯಲ್ಲಿ ಒಂದು ಟಾರ್ಚು, ಅದರ ಹಿಂದೆ ಲಿಫ್ಟ್ ರಿಪೇರಿಯವನ ಗ್ರೀಸು ಮೆತ್ತಿದ ಮುಖ.

"ಮನೆ ಯಾವುದು ಹೇಳಿ. ಮೊದಲು ಅಮ್ಮನ್ನ ನೋಡ್ಕೊಂಡು ಬರ್ತೀನಿ."

"ಮತ್ತೆ ನಾನು?"

"ನೀವು ಎಲ್ಲೂ ಹೋಗಲ್ವಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. ನಗುವೂ ಬಂತು. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಬಗ್ಗೆ ಮೊದಲು ಯೋಚಿಸಿದ ಅಪರಿಚಿತ ಇವನೇ. ಪ್ರೀತಿ ಬಾಗಿಲು ತಟ್ಟಿ ಬರುತ್ತದೆಯೇ? ಇಲ್ಲ ಬಿಡಿ.

ಅವನೂ ಅವಳಂತೆ ಯೇಸುವಿನ ವಿಶ್ವಾಸಿ, ಊರಿಗೆ ಹೊಸಬ. ಲಕ್ವ ಹೊಡೆದ ಅಮ್ಮ ಚರ್ಚಿಗೆ ಹೋಗಲಾರರೆಂದು ಪ್ರತಿ ಬುಧವಾರ ಸಂಜೆ ಅವರ ಮಂಚದ ಸುತ್ತಲೇ ಪ್ರಾರ್ಥನೆ ನಡೆಯುತ್ತಿತ್ತು. ಅದಕ್ಕೆ ಅವನೂ ಬರತೊಡಗಿದ.

ಅವಳ ಲೋಕ ಅಷ್ಟೇ... ಮಂಚ, ಹೊಲಿಗೆಯಂತ್ರ, ಒಂದು ಕಿಟಕಿ. ಬೇರೆಯವರ ಮದುವೆಗೆ ಬಿಳಿ ಗೌನು ಹೊಲಿಯುವವಳಿಗೆ ಮದುವೆಯ ಆಸೆ ಇರಲಿಲ್ಲ ಎಂದರೆ ಸುಳ್ಳು. ಆದರೆ ಅಮ್ಮನನ್ನು ಬಿಟ್ಟು ಹೋಗುವುದು ಹೇಗೆ?

'ಎಲ್ಲಾ ನಿನ್ನ ಕೈಯಲ್ಲಿದೆ ಅಂತಾರೆ, ಕರ್ತನೇ. ಆ ಕೈ ನನ್ನನ್ನ ಹಿಡಿದಿದೆಯಾ... ಇಲ್ಲಾ ಕಟ್ಟಿಹಾಕಿದೆಯಾ?'

ಒಂದು ಬುಧವಾರ ಅವನು ಹೇಳಿದ, "ನನ್ನ ಮದುವೆಗಾಗಿ ಪ್ರಾರ್ಥನೆ ಮಾಡಿ. ಹುಡುಗಿ ಮನಸ್ಸಲ್ಲಿದ್ದಾಳೆ. ಹೆಸರು ಈಗ ಬೇಡ."

ಒಬ್ಬರ ಕೋರಿಕೆಗೆ ಇನ್ನೊಬ್ಬರು ಪ್ರಾರ್ಥಿಸುವುದು ಅಲ್ಲಿನ ರೂಢಿ. ಪ್ರಾರ್ಥನೆ ನಡೆಸುವ ಪಾಸ್ಟರಮ್ಮ ಅವಳತ್ತ ತಿರುಗಿದರು. "ಇದು ನಿನ್ನ ಪಾಲಿಗೆ ಮಗಳೇ. ಉತ್ತರ ಸಿಗೋವರೆಗೂ ಬಿಡಬೇಡ."

ಅವಳು ತಲೆಯಾಡಿಸಿದಳು. ಯಾರೋ ಪುಣ್ಯವಂತೆ...

ಅಂದಿನಿಂದ ವಾರವಾರವೂ ಅದೇ ಮಾತು. "ಆ ಹುಡುಗಿ ಒಪ್ಪಲಿ, ಕರ್ತನೇ." ಬಾಯಲ್ಲಿಟ್ಟ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅವನು ತಲೆ ತಗ್ಗಿಸಿ ಕೇಳುತ್ತಿದ್ದ, ಕೇಳುತ್ತ ಕೇಳುತ್ತ ಸಪ್ಪಗಾಗುತ್ತಿದ್ದ.

ಕೊನೆಗೊಂದು ಬುಧವಾರ ಅವನೆಂದ, "ಬೇರೆ ಊರಿಗೆ ವರ್ಗ ಕೇಳಿದ್ದೀನಿ. ಇನ್ಮೇಲೆ ಬರೋಕಾಗಲ್ಲ."

ಎಲ್ಲರೂ ಕಣ್ಣು ಮುಚ್ಚಿದರು. ಅವಳ ಸರದಿ.

"ಕರ್ತನೇ, ಆ ಹುಡುಗಿ..." ಅವಳು ಮಂಚದ ಅಂಚು ಹಿಡಿದಳು. "ಇಷ್ಟು ದಿನ ಸುಳ್ಳು ಪ್ರಾರ್ಥನೆ ಮಾಡ್ದೆ. ಆಕೆ ಒಲ್ಲೆ ಅನ್ನಲಿ ಅಂತ ಒಳಗೊಳಗೇ ಬೇಡ್ಕೊಂಡೆ. ನನಗೇ ಇವರು ಬೇಕಿತ್ತು... ಆದ್ರೂ ನನ್ನಿಷ್ಟ ಬೇಡ. ಈ ಕೋಣೇಲೂ ನೀನೇ ಅರಸ. ನಿನ್ನ ಚಿತ್ತದಂತೆ ಆಗಲಿ."

 

ಆಮೇಲೆ ಅವನು ಪ್ರಾರ್ಥಿಸತೊಡಗಿದ.

"ಕರ್ತನೇ, ಆ ಹುಡುಗಿ ಇವರೇ. ಇವರು ಎಷ್ಟು ಸಲೀಸಾಗಿ ಪ್ರಾರ್ಥನೆ ಮಾಡ್ತಿದ್ರು ಅಂದ್ರೆ, ಇವರ ಮನಸ್ಸಲ್ಲಿ ನಾನಿಲ್ಲ ಅಂದ್ಕೊಂಡೆ. ಅದಕ್ಕೇ ಊರು ಬಿಡೋಕೆ ಹೊರಟೆ. ಅಮ್ಮನ್ನ ಬಿಟ್ಟು ಬನ್ನಿ ಅಂತ ನಾನು ಕೇಳ್ತಿಲ್ಲ. ನಾನೇ ಈ ಮನೆಗೆ ಬರಲಾ ಅಂತ ಕೇಳ್ತಿದ್ದೀನಿ."

"ಆ... ಮೆನ್," ಸೊಟ್ಟಗಾದ ಬಾಯಲ್ಲಿ ಅಮ್ಮ ಎಂದರು.

"ಹುಡುಗಿ ಇನ್ನೂ ಹೂಂ ಅಂದಿಲ್ಲ, ನಿಮಗೇನ್ರೀ ಅವಸರ?" ಪಾಸ್ಟರಮ್ಮ ಕಣ್ಣೊರೆಸಿಕೊಂಡರು.

ಅವಳು ಕಣ್ಣು ತೆರೆದಳು. ಅವನಿನ್ನೂ ಬಿಗಿಯಾಗಿ ಮುಚ್ಚಿಕೊಂಡೇ ಇದ್ದ.

"ಕಣ್ಣು ಬಿಡಿ."

"ಭಯ ಆಗ್ತಿದೆ. ಒಲ್ಲೆ ಅಂದ್ರೆ?"

"ಹೇಗೆ ಅನ್ನಲಿ..." ಅವಳು ಅಳುತ್ತಲೇ ನಕ್ಕಳು. "ಒಪ್ಪಲಿ ಅಂತ ವಾರವಾರವೂ ಬೇಡ್ಕೊಂಡವಳು ನಾನೇ. ಆ ಕರ್ತ ಕೇಳಿಸ್ಕೊಂಡುಬಿಟ್ಟ."