ಲಗತ್ತಿಸದ ಹಾಳೆ

"ಅಂಚೆ ಏನಾದ್ರೂ ಬಂತಾ ಅತ್ತೆ?"

ಮಧ್ಯಾಹ್ನದ ಊಟಕ್ಕೆ ಬಂದ ಸೊಸೆ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಕೇಳಿದಳು. ಮುದ್ರೆಯಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಕುರ್ಚಿಯ ಮೇಲೆ ಮೆತ್ತೆ, ಮೆತ್ತೆಯ ಕೆಳಗೆ ಅಂಚೆ! ಹದಿನೆಂಟು ದಿನಗಳಿಂದ ಅದು ಅಲ್ಲೇ ಇತ್ತು. ಸೊಸೆ ಕೆಲಸಕ್ಕೆ ಹೋದೊಡನೆ ಅವರು ಎದ್ದು ಮನೆಯೆಲ್ಲ ಸುತ್ತುವರು, ಒರೆಸಿದ್ದನ್ನೇ ಒರೆಸುವರು, ಮೆಟ್ಟಿಲ ಮೇಲೆ ಸದ್ದಾದರೆ ಓಡಿ ಬಂದು ಮತ್ತೆ ಅದೇ ಕುರ್ಚಿ ಹಿಡಿಯುವರು.

"ಬಂದ್ರೆ ಹೇಳಲ್ವೇನೇ? ದಿನಾ ಅದೇ ರಾಗ, ಅದೇ ಹಾಡು!" ಎಂದು ಗದರಿದರು. ಗದರಿದ ದನಿ ಅವರಿಗೇ ಅತಿಯೆನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಸಾಲಿಗೆ ಈ ವಯಸ್ಸಿನಲ್ಲಿ ತಾನೂ ಸೇರಿದೆನಲ್ಲ ಎಂದು ಒಳಗೇ ಕುಗ್ಗಿದರು.

ಮುದ್ರೆಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ನೋಂದಣಿ ಕಚೇರಿಯ ಮದುವೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದವರು. ಆ ಮೂವತ್ತೊಂದು ವರ್ಷದ ದಫ್ತರಗಳಲ್ಲಿ ಒಂದೇ ಒಂದು ಅಕ್ಷರ ಹೊಡೆದುಹಾಕಿದ್ದಿಲ್ಲ, ತಿದ್ದಿದ್ದಿಲ್ಲ. ನಿವೃತ್ತರಾದ ಮೇಲೂ ಬೀದಿಯಲ್ಲಿ ಯಾರಿಗೆ ಯಾವ ಅರ್ಜಿ ತುಂಬಬೇಕಾದರೂ ಅವರೇ ಬೇಕು. ಅರ್ಜಿ ತುಂಬುತ್ತಲೇ ಅವರು ಒಂದು ಮಾತು ಹೇಳುತ್ತಿದ್ದರು: "ಲಗತ್ತು ಹೆಚ್ಚಾದಷ್ಟೂ ಕಡತ ನಿಧಾನ. ಕೇಳಿದ್ದಕ್ಕಿಂತ ಒಂದು ಹಾಳೆ ಜಾಸ್ತಿ ಕೊಟ್ರೆ, ಅದನ್ನ ಓದೋಕೆ ಇನ್ನೊಬ್ಬ ಬೇಕು, ಅವನು ರಜೆ ಮೇಲಿರ್ತಾನೆ!"

ಒಬ್ಬನೇ ಮಗ, ಲಿಫ್ಟ್ ರಿಪೇರಿ ಮಾಡುವವನು. ಎರಡು ವರ್ಷದ ಒಪ್ಪಂದದ ಮೇಲೆ ಹೊರದೇಶಕ್ಕೆ ಹೋಗಿದ್ದ. ಎರಡು ವರ್ಷ ತುಂಬುವ ಮೊದಲು ಆ ದೇಶದ ಗಡಿ ದಾಟಿದರೆ ಕೆಲಸವೂ ಹೋಯಿತು, ಪರವಾನಗಿಯೂ ಹೋಯಿತು. ತುಂಬಿದ ಮೇಲೆ ಊರಿಗೆ ಬಂದುಹೋಗಬಹುದು, ಕೆಲಸವೂ ಅಲ್ಲೇ ಮುಂದುವರಿಯುತ್ತದೆ. ಹೋಗುವ ಮುಂಚೆಯೇ ಬೀದಿಯ ಕೊನೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಕೊರೆಯುವ ಹುಡುಗಿಯನ್ನು ಮೆಚ್ಚಿದ್ದ. ಒಂದೇ ವರ್ಷದಲ್ಲಿ ಮೂರು ಸಲ ಕನ್ನಡಕ ಮುರಿದುಕೊಂಡು ಬಂದ ಗಿರಾಕಿ ಅವನು. ಕನ್ನಡಕ ತಾನಾಗಿ ಅಷ್ಟು ಸಲ ಮುರಿಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. "ಎರಡು ವರ್ಷ ತಾನೇ, ಕಾಯ್ತೀವಿ" ಎಂದು ಇಬ್ಬರೂ ಅಂದಿದ್ದರು. ಕಾಯಲು ಒಪ್ಪದವರು ಮುದ್ರೆಯಮ್ಮ ಒಬ್ಬರೇ.

"ಈಗ ವಿಡಿಯೋದಲ್ಲೇ ಮದುವೆ ನೋಂದಾಯಿಸ್ತಾರೆ. ಪ್ರಮಾಣಪತ್ರ ಕೈಗೆ ಬಂದ್ರೆ ಹೆಂಡತಿ ಅಂತ ಅರ್ಜಿ ಮರುದಿನಾನೇ ಹೋಗುತ್ತೆ. ಅವನ ಒಪ್ಪಂದ ಮುಗಿಯೋದ್ರೊಳಗೆ ನೀನೇ ಅಲ್ಲಿರ್ತೀಯ. ಮದುವೆ ಕಾಗದದ ವಿಷಯದಲ್ಲಿ ನನಗೆ ಹೇಳಿಕೊಡ್ತೀರೇನ್ರೋ?"

ಯಾರು ಹೇಳಿಕೊಟ್ಟಾರು! ಹಾಗೆ ಮದುವೆಯಾಯಿತು. ನೋಂದಣಿ ಕಚೇರಿಯ ಕೋಣೆಯಲ್ಲಿ ಎರಡು ಕುರ್ಚಿ. ಒಂದರಲ್ಲಿ ವಧು, ಇನ್ನೊಂದರಲ್ಲಿ ಲ್ಯಾಪ್‌ಟಾಪ್. ವರ ಮಧ್ಯಾಹ್ನದ ಬಿಡುವಿನಲ್ಲಿ, ತಲೆಯ ಮೇಲಿನ ಹೆಲ್ಮೆಟ್ ತೆಗೆಯುವುದನ್ನೂ ಮರೆತು ನಿಂತಿದ್ದ. ವಧು "ಒಪ್ಪಿಗೆ" ಎಂದಳು. ವರನ "ಒಪ್ಪಿಗೆ" ಬರಲು ಏಳು ಸೆಕೆಂಡು ಹಿಡಿಯಿತು. ಆ ಏಳು ಸೆಕೆಂಡು ಕೋಣೆಯಲ್ಲಿ ಯಾರೂ ಉಸಿರಾಡಲಿಲ್ಲ. ಸಾಕ್ಷಿಯ ಜಾಗದಲ್ಲಿ ಮುದ್ರೆಯಮ್ಮ ಮುತ್ತು ಪೋಣಿಸಿದಂತೆ ಸಹಿ ಹಾಕಿದರು.

ಆಮೇಲೆ ಬಂತು ಆ ದೇಶದ ಅರ್ಜಿ. ಹದಿನಾಲ್ಕನೆಯ ಪ್ರಶ್ನೆ: 'ಮದುವೆಯ ಸಮಯದಲ್ಲಿ ಇಬ್ಬರೂ ಒಂದೇ ಸ್ಥಳದಲ್ಲಿ ಖುದ್ದಾಗಿ ಇದ್ದರೇ? ಇಲ್ಲವಾದಲ್ಲಿ ಪ್ರತ್ಯೇಕ ಹಾಳೆಯಲ್ಲಿ ವಿವರಣೆ ಲಗತ್ತಿಸಿ.' ಮುದ್ರೆಯಮ್ಮ ಪೆನ್ನು ಹಿಡಿದು ಒಂದು ಗಳಿಗೆ ಯೋಚಿಸಿದರು. 'ಇಲ್ಲ' ಎಂದರೆ ಇನ್ನೊಂದು ಹಾಳೆ, ಇನ್ನೊಬ್ಬ ಅಧಿಕಾರಿ, ಇನ್ನಾರು ತಿಂಗಳು... 'ಹೌದು' ಎಂಬುದರ ಮುಂದೆ ಗುರುತು ಹಾಕಿ ಪುಟ ತಿರುಗಿಸಿದರು. ಸೊಸೆ ಓದದೆ ಸಹಿ ಮಾಡಿದಳು. ಅತ್ತೆ ತುಂಬಿದ ಅರ್ಜಿಯನ್ನು ಓದಿ ನೋಡುವುದೆಂದರೆ ಅವರನ್ನು ಅವಮಾನಿಸಿದಂತೆ ಎಂದು ಅವಳು ನಂಬಿದ್ದಳು.

"ಕನ್ನಡಕ ಯಾಕೆ ಹೀಗೆ ವಾಲಿದೆ ಅತ್ತೆ? ಸ್ಕ್ರೂ ಸಡಿಲ ಆಗಿದೆ, ಕೊಡಿ" ಎಂದು, ಈಗ ಚಪ್ಪಲಿ ಬಿಟ್ಟು ಒಳಗೆ ಬಂದ ಸೊಸೆ ಚೀಲದಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದಳು. ಆ ಕನ್ನಡಕವನ್ನು ಅವಳೇ ಗಾಜು ಕೊರೆದು ಮಾಡಿಕೊಟ್ಟಿದ್ದಳು. ಕೈಗೆ ಕೊಡುವಾಗಲೇ ಸ್ಕ್ರೂ ಜಾರಿ ನೆಲಕ್ಕೆ ಬಿತ್ತು, ಉರುಳಿ ಕುರ್ಚಿಯ ಕೆಳಗೆ ಹೋಯಿತು.

"ಸ್ವಲ್ಪ ಏಳ್ತೀರಾ?"

"ಇರ್ಲಿ ಬಿಡೇ... ಆಮೇಲೆ ಹುಡುಕೋಣ!"

"ಕಳೆದುಹೋದ್ರೆ ಅಳತೆಯದು ಸಿಗಲ್ಲ ಅತ್ತೆ. ಏಳಿ."

ಅವಳು ಕುರ್ಚಿ ಸರಿಸಿದಳು. ಮುದ್ರೆಯಮ್ಮ ಏಳಲೇಬೇಕಾಯಿತು. ಮೆತ್ತೆ ಜಾರಿತು, ಲಕೋಟೆ ಸೊಸೆಯ ಕಾಲ ಬಳಿ ಬಿತ್ತು. ಮೇಲೆ ಅವಳದೇ ವಿಳಾಸ. ಒಡೆದಿದ್ದರು!

ಅವಳು ನಿಂತೇ ಓದಿದಳು. ಇಬ್ಬರೂ ಒಂದೇ ಸ್ಥಳದಲ್ಲಿ ಇಲ್ಲದೆ ನಡೆದ ಮದುವೆಯನ್ನು ಸಂಗಾತಿಯ ಪ್ರವೇಶಕ್ಕೆ ಮಾನ್ಯ ಮಾಡಲಾಗದು. ಅದು ಒಂದನೆಯದು. ಪ್ರಮಾಣಪತ್ರದಲ್ಲಿ ವಿಡಿಯೋ ಮೂಲಕ ಎಂದಿದೆ, ಅರ್ಜಿಯಲ್ಲಿ ಖುದ್ದು ಎಂದಿದೆ. ಈ ಸುಳ್ಳಿಗೆ ಮೂವತ್ತು ದಿನಗಳೊಳಗೆ ವಿವರಣೆ ಕೊಡದಿದ್ದರೆ ಅರ್ಜಿದಾರಳು ಐದು ವರ್ಷ ಯಾವ ಅರ್ಜಿಯನ್ನೂ ಹಾಕುವಂತಿಲ್ಲ. ಅದು ಎರಡನೆಯದು.

"ಹದಿನೆಂಟು ದಿನ..." ಅವಳು ಲಕೋಟೆಯ ಮೇಲಿನ ಅಂಚೆ ಮುದ್ರೆಯ ತಾರೀಖಿಗೆ ಬೆರಳಿಟ್ಟಳು. "ಹದಿನೆಂಟು ದಿನದಿಂದ ದಿನಾ ಕೇಳ್ತಿದ್ದೀನಿ. ನೀವು ಇದರ ಮೇಲೆ ಕೂತು ಇಲ್ಲ ಅಂದ್ರಿ!"

"ಏನಾದ್ರೂ ದಾರಿ ಹುಡುಕೋಣ ಅಂತ..."

"ಯಾವ ದಾರಿ? ಮೂವತ್ತು ದಿನ ಕಳೆದುಹೋಗೋ ದಾರಿನಾ? ಸುಳ್ಳಿ ಅಂತ ಬರೆದಿದ್ದಾರೆ ಅತ್ತೆ, ನನ್ನನ್ನ! ಆ ಸಹಿ ನನ್ನದು. ನಾನು ಕೊರೆದ ಗಾಜು ಒಂದು ಕೂದಲೆಳೆ ತಪ್ಪಿದ್ರೂ ಗಿರಾಕಿಗೆ ಕೊಡಲ್ಲ, ಒಡೆದು ಹಾಕ್ತೀನಿ. ನೀವು... ನಿಮ್ಮ ತಪ್ಪು ಯಾರಿಗೂ ಕಾಣಬಾರದು ಅಂತ ನನ್ನ ಐದು ವರ್ಷಾನ ಮೆತ್ತೆ ಕೆಳಗೆ ಇಟ್ಕೊಂಡ್ರಾ?"

ಮುದ್ರೆಯಮ್ಮನ ಬಾಯಿಂದ ಆಗ ಬರಬೇಕಾದದ್ದು ಒಂದು ಕ್ಷಮೆ. ಬಂದದ್ದೇ ಬೇರೆ. "ಓದಿ ಸಹಿ ಮಾಡಬೇಕಿತ್ತು ನೀನು! ಓದು ಬರಲ್ವಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೊಸೆ ಅಳಲಿಲ್ಲ. ಕೆಳಗೆ ಕೂತು, ಸ್ಕ್ರೂ ಹುಡುಕಿ, ಕನ್ನಡಕಕ್ಕೆ ಬಿಗಿದು ಮೇಜಿನ ಮೇಲಿಟ್ಟಳು. ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿದಳು. "ಅಕ್ಕನ ಮನೇಲಿರ್ತೀನಿ" ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಲಕೋಟೆಯನ್ನು ಅಲ್ಲೇ ಬಿಟ್ಟಿದ್ದಳು.

ಮುದ್ರೆಯಮ್ಮ ಆ ಮಧ್ಯಾಹ್ನ ಮನೆಯಲ್ಲಿ ಎಷ್ಟು ಸಲ ಈ ಗೋಡೆಯಿಂದ ಆ ಗೋಡೆಗೆ ನಡೆದರೋ! ಕಾಲು ಸೋತರೂ ಕೂರಲಾಗಲಿಲ್ಲ. ಆ ಕುರ್ಚಿಯನ್ನು ಗೋಡೆಯತ್ತ ತಿರುಗಿಸಿಟ್ಟರು. ಕೊನೆಗೆ ಲಕೋಟೆ ಹಿಡಿದು ನೋಂದಣಿ ಕಚೇರಿಗೆ ನಡೆದರು. ಒಂದು ಕಾಲದಲ್ಲಿ ಅವರ ಕೈಕೆಳಗೆ ಬರೆಯಲು ಕಲಿತವನೇ ಈಗ ಅಲ್ಲಿ ಅಧಿಕಾರಿ. ಎದ್ದು ನಿಂತು ಕುರ್ಚಿ ಕೊಟ್ಟ. ಪತ್ರವನ್ನು ಎರಡು ಸಲ ಓದಿದ.

"ಮೇಡಂ, ಇಲ್ಲಿ ಈ ಮದುವೆ ಗಟ್ಟಿ. ಅಲ್ಲಿ ಇದಕ್ಕೆ ಬೆಲೆ ಇಲ್ಲ. ಮಗ ಬಂದು ಖುದ್ದಾಗಿ ಮದುವೆ ಆಗ್ಬೇಕು."

"ಆಗ್ತಾನೆ. ಇನ್ನು ಐದು ತಿಂಗಳಿಗೆ ಅವನ ಎರಡು ವರ್ಷ ಮುಗಿಯುತ್ತೆ."

"ಆದ್ರೆ ಇಲ್ಲಿನ ದಫ್ತರದಲ್ಲಿ ಅವರು ಆಗಲೇ ಗಂಡ ಹೆಂಡತಿ. ಒಂದೇ ಜೋಡಿಯನ್ನ ಎರಡು ಸಲ ನಾನು ಬರೆಯೋ ಹಾಗಿಲ್ಲ. ಮೊದಲು ಈ ನಮೂದನ್ನ ಇಬ್ಬರ ಒಪ್ಪಿಗೆ ಮೇಲೆ ರದ್ದು ಮಾಡ್ಬೇಕು. ಆಮೇಲೆ ಮತ್ತೆ ಮದುವೆ ಆಗೋವರೆಗೂ ಆಕೆ ನಿಮ್ಮ ಮಗನಿಗೆ... ಕಾನೂನಿನಲ್ಲಿ ಏನೂ ಅಲ್ಲ. ನಿಮಗೂ ಅಷ್ಟೇ." ಅವನು ದನಿ ತಗ್ಗಿಸಿದ. "ಅದಕ್ಕೂ ಮೊದಲು ಆ ಹದಿನಾಲ್ಕನೇ ಪ್ರಶ್ನೆಗೆ ವಿವರಣೆ ಹೋಗ್ಬೇಕು. ಯಾರು ತುಂಬಿದ್ರು, ಯಾಕೆ ಹಾಗೆ ತುಂಬಿದ್ರು ಅಂತ."

ಮಹಾಜಾಣೆ ಮಾಡಿದ ಅವಸರದ ಮದುವೆ! ತಾಳಿದವನು ಬಾಳಿಯಾನು ಎಂದು ಊರಿಗೆಲ್ಲ ಹೇಳುವ ಬಾಯಿ ತನ್ನ ಮನೆಯಲ್ಲಿ ಮಾತ್ರ ಅದನ್ನು ಮರೆತಿತ್ತು. ಸುಮ್ಮನೆ ಕಾದಿದ್ದರೆ ಐದು ತಿಂಗಳಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಈಗ ಸೊಸೆಯನ್ನು ಮಗನ ಬಳಿ ಕಳಿಸಬೇಕಾದರೆ ಮೊದಲು ಅವಳನ್ನು ಸೊಸೆಯಲ್ಲದವಳನ್ನಾಗಿ ಮಾಡಬೇಕು. ಸಂಬಂಧ ಹರಿದ ಮೇಲೆ, ಇಷ್ಟೆಲ್ಲ ಅನುಭವಿಸಿದವಳು ಮತ್ತೆ ಯಾಕೆ ಬಂದಾಳು?

ಮರುದಿನ ಬೆಳಿಗ್ಗೆ ಮಗ ಫೋನಿನಲ್ಲಿ ಕಾಣಿಸಿಕೊಂಡ. ಹೆಂಡತಿಯಿಂದ ಎಲ್ಲವನ್ನೂ ಕೇಳಿದ್ದ ಅವನ ಕಣ್ಣುಗಳು ಕೆಂಪಾಗಿದ್ದವು.

"ಅಮ್ಮಾ, ಒಂದು ಉಪಾಯ ಇದೆ. ನಿನಗೆ ಕಣ್ಣು ಸರಿಯಾಗಿ ಕಾಣಲ್ಲ, ಪ್ರಶ್ನೆ ಮಸುಕಾಗಿ ಕಂಡಿತ್ತು ಅಂತ ಬರಿ. ವಯಸ್ಸಾದವಳು ಅಂತ ಕ್ಷಮಿಸ್ತಾರೆ. ಯಾರ ಮೇಲೂ ತಪ್ಪು ಬರಲ್ಲ, ನಿನ್ನ ಮೇಲೂ."

ಎಷ್ಟು ಸುಲಭ! ಮುದ್ರೆಯಮ್ಮ ಪೆನ್ನು ಕೈಗೆತ್ತಿಕೊಂಡರು, ಕನ್ನಡಕ ಹಾಕಿಕೊಂಡರು. ಹಾಳೆಯ ಗೆರೆಗಳು ಒಂದೊಂದೂ ಸ್ಪಷ್ಟವಾಗಿ ಎದ್ದು ಕಂಡವು. ಆ ಹುಡುಗಿ ಈ ಗಾಜನ್ನು ನಾಲ್ಕು ಸಲ ತಿಕ್ಕಿ, ನಾಲ್ಕು ಸಲ ಇವರ ಮೂಗಿನ ಮೇಲಿಟ್ಟು, "ಈಗ ಹೇಗಿದೆ ಅತ್ತೆ? ಸಣ್ಣ ಅಕ್ಷರ ಓದಿ ನೋಡೋಣ" ಎಂದು ಕೇಳಿದ್ದು ನೆನಪಾಯಿತು. ಅಂದು ಇವರು ಔಷಧಿ ಸೀಸೆಯ ಮೇಲಿನ ಇರುವೆಯಂಥ ಅಕ್ಷರಗಳನ್ನೂ ಗಟ್ಟಿಯಾಗಿ ಓದಿ ತೋರಿಸಿದ್ದರು.

"ಇಲ್ಲ ಕಣೋ," ಎಂದರು. ಪೆನ್ನಿನ ಮುಚ್ಚಳ ತೆಗೆದರು. "ಅವಳು ಮಾಡಿದ ಕನ್ನಡಕ ಇದು. ಇದರ ಮೇಲೆ ತಪ್ಪು ಹೊರಿಸಲಾರೆ."

ಅವರು ಬರೆದರು. 'ಅರ್ಜಿಯನ್ನು ತುಂಬಿದವಳು ನಾನು. ಹದಿನಾಲ್ಕನೆಯ ಪ್ರಶ್ನೆ ನನಗೆ ಸ್ಪಷ್ಟವಾಗಿ ಕಾಣಿಸಿತ್ತು. ಉತ್ತರ ಇಲ್ಲ ಎಂಬುದೂ ಗೊತ್ತಿತ್ತು. ಇನ್ನೊಂದು ಹಾಳೆ ಲಗತ್ತಿಸಿದರೆ ತಡವಾಗುವುದೆಂದು ಹೌದು ಎಂದು ಗುರುತು ಹಾಕಿದೆ. ನನ್ನ ಸೊಸೆ ನನ್ನನ್ನು ನಂಬಿ ಸಹಿ ಮಾಡಿದಳು. ನಿಮ್ಮ ಪತ್ರವನ್ನು ಅವಳಿಂದ ಹದಿನೆಂಟು ದಿನ ಬಚ್ಚಿಟ್ಟವಳೂ ನಾನೇ.' ಎರಡು ಕಡೆ ಅಕ್ಷರ ತಪ್ಪಿತು, ಎರಡು ಕಡೆಯೂ ಹೊಡೆದುಹಾಕಿದರು. ಬೇರೆ ಹಾಳೆಯಲ್ಲಿ ಚೊಕ್ಕಟವಾಗಿ ಬರೆಯೋಣ ಎಂದು ಕೈ ತವಕಿಸಿತು, ಆದರೆ ಬರೆಯಲಿಲ್ಲ. ಅದನ್ನು ಅಂಚೆಗೆ ಹಾಕಿ, ಒಂದು ನಕಲನ್ನು ಕನ್ನಡಕದ ಅಂಗಡಿಯ ಗಲ್ಲಾದ ಮೇಲಿಟ್ಟು, ಯಂತ್ರದ ಸದ್ದಿನ ನಡುವೆ ತಲೆಯೆತ್ತದ ಸೊಸೆಯನ್ನು ಒಂದು ಗಳಿಗೆ ನೋಡಿ, ಹಿಂದಿರುಗಿದರು.

ನಲವತ್ತು ದಿನ ಕಳೆದವು. ದಿನಕ್ಕೆ ಹತ್ತು ಸಲ ಅವರು ಕಿಟಕಿಗೆ ಹೋಗುವರು, ಅಂಚೆಯವನು ಮುಂದಿನ ಮನೆಗೆ ಹೋದರೆ ಅವನ ಮೇಲೇ ಸಿಡುಕುವರು. ಲಕೋಟೆ ಬಂದ ದಿನ ಅದನ್ನು ಒಡೆಯಲಿಲ್ಲ. ಎದೆಗೆ ಒತ್ತಿಕೊಂಡು, ಒಂದು ಕಾಲಿಗೆ ಮನೆಯ ಚಪ್ಪಲಿ, ಇನ್ನೊಂದಕ್ಕೆ ಬೀದಿಯ ಚಪ್ಪಲಿ ಮೆಟ್ಟಿ ಅಂಗಡಿಗೆ ಓಡಿದರು.

"ಅಂಚೆ ಬಂತು," ಎಂದರು ಏದುಸಿರಿನಲ್ಲಿ. "ಒಡೆದಿಲ್ಲ."

ಸೊಸೆ ಲಕೋಟೆಯ ಅಂಟನ್ನು ನೋಡಿದಳು, ಅತ್ತೆಯ ಕಾಲನ್ನು ನೋಡಿದಳು. ಒಡೆದು ಓದಿದಳು. ಐದು ವರ್ಷದ ನಿಷೇಧ ಕೈಬಿಟ್ಟಿದ್ದರು. ಮದುವೆಯನ್ನು ಮಾತ್ರ ಒಪ್ಪಿರಲಿಲ್ಲ. ಖುದ್ದಾಗಿ ಮದುವೆಯಾದ ಮೇಲೆ ಹೊಸ ಅರ್ಜಿ ಹಾಕಬಹುದು ಎಂದಿತ್ತು.

"ಕಣ್ಣು ಕಾಣಲ್ಲ ಅಂತ ಬರೀಬಹುದಿತ್ತಂತೆ ನೀವು. ನಿಮ್ಮ ಮಗ ಫೋನಲ್ಲಿ ಹೇಳಿದ್ರು," ಎಂದಳು ಸೊಸೆ, ತಲೆ ತಗ್ಗಿಸಿ.

"ಕಾಣ್ತಿತ್ತಲ್ಲೇ..." ಎಂದರು ಮುದ್ರೆಯಮ್ಮ. ಸೊಸೆ ಪತ್ರವನ್ನು ಮಡಚಿಟ್ಟಳು. "ಸೋಮವಾರ ರದ್ದು ಮಾಡಿಸೋಕೆ ಹೋಗ್ಬೇಕು" ಎಂದು ಮತ್ತೆ ಯಂತ್ರದ ಕಡೆ ತಿರುಗಿದಳು. ಮನೆಗೆ ಬರುತ್ತೇನೆ ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ.

ಸೋಮವಾರ ಅದೇ ಕೋಣೆ, ಅವೇ ಎರಡು ಕುರ್ಚಿ, ಅದೇ ಲ್ಯಾಪ್‌ಟಾಪ್. "ರದ್ದಿಗೆ ಒಪ್ಪಿಗೆಯೇ?" ಎಂದು ಅಧಿಕಾರಿ ಕೇಳಿದ. ಅವಳು "ಒಪ್ಪಿಗೆ" ಎಂದಳು. ಏಳು ಸೆಕೆಂಡು... ಹೆಲ್ಮೆಟ್ ಕೈಯಲ್ಲಿ ಹಿಡಿದಿದ್ದ ಮಗನ "ಒಪ್ಪಿಗೆ" ಒಡೆದ ದನಿಯಲ್ಲಿ ಬಂತು. ದಫ್ತರದಲ್ಲಿ ಮುದ್ರೆಯಮ್ಮನ ಸಾಕ್ಷಿ ಸಹಿಯ ಮೇಲೆ ಕೆಂಪು ಗೆರೆ ಬಿತ್ತು. ಅವರು ಮುಖ ಹೊರಳಿಸಲಿಲ್ಲ, ಗೆರೆ ಮುಗಿಯುವವರೆಗೂ ನೋಡಿದರು.

ಕೊನೆಯಲ್ಲಿ ಹಾಜರಾತಿಯ ನಮೂನೆ. 'ಜೊತೆಗೆ ಬಂದವರು' ಎಂಬಲ್ಲಿ ಮುದ್ರೆಯಮ್ಮನ ಹೆಸರಿತ್ತು, 'ಅರ್ಜಿದಾರರಿಗೆ ಸಂಬಂಧ' ಎಂಬಲ್ಲಿ ಖಾಲಿ. ಜೀವಮಾನದಲ್ಲಿ ಒಂದು ಕಾಲಮನ್ನೂ ಖಾಲಿ ಬಿಡದ ಮುದ್ರೆಯಮ್ಮ ಪೆನ್ನನ್ನು ಮೇಜಿನ ಮೇಲಿಟ್ಟು ಕೈ ಹಿಂದೆಗೆದರು. ಸೊಸೆ ನಮೂನೆಯನ್ನು ತನ್ನ ಕಡೆ ಎಳೆದುಕೊಂಡಳು. ಈ ಸಲ ಮೊದಲಿನಿಂದ ಕೊನೆಯವರೆಗೆ ಪ್ರತಿ ಸಾಲನ್ನೂ ಬೆರಳಿಟ್ಟು ಓದಿದಳು. ಆಮೇಲೆ ಆ ಖಾಲಿ ಜಾಗದಲ್ಲಿ ಬರೆದಳು: ಅತ್ತೆ.

ಅಧಿಕಾರಿ ಕೆಮ್ಮಿದ. "ಅಮ್ಮಾ, ತಪ್ಪು ತಿಳ್ಕೋಬೇಡಿ... ಐದು ನಿಮಿಷದ ಹಿಂದೆ ರದ್ದಾಯ್ತು. ಈಗ ದಫ್ತರದ ಪ್ರಕಾರ ಇವರು ನಿಮಗೆ ಏನೂ ಆಗ್ಬೇಕಿಲ್ಲ."

"ಗೊತ್ತು," ಎಂದಳು ಅವಳು. "ವಿವರಣೆ ಬೇಕಾದ್ರೆ ಬೇರೆ ಹಾಳೇಲಿ ಬರೆದು ಲಗತ್ತಿಸ್ತೀನಿ."

ಮುದ್ರೆಯಮ್ಮ ಎದ್ದರು. ಆ ಕಚೇರಿಯಲ್ಲಿ ಬಿಳಿ ಹಾಳೆ ಯಾವ ಕಪಾಟಿನಲ್ಲಿರುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಣ್ಣು ಮಂಜಾಗಿ ಕಪಾಟಿನ ಹಿಡಿ ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. ಸೊಸೆಯೇ ಎದ್ದು ಬಂದು ಅವರ ಕನ್ನಡಕ ತೆಗೆದು, ತನ್ನ ಸೆರಗಿನಿಂದ ಒರೆಸಿ, ಮತ್ತೆ ಮೂಗಿನ ಮೇಲಿಟ್ಟಳು.